ಮಂಚದ ಅಳತೆ ಗೊತ್ತಿಲ್ಲದವರು

ಹೊಲದ ಸರ್ವೆ ನಂಬರು ಕೇಳಿದರೆ ಥಟ್ಟನೆ ಹೇಳುವವರು, ಮೊಮ್ಮಗನ ಅಂಗಿಯ ಅಳತೆಯನ್ನು ಕಣ್ಣಿನಲ್ಲೇ ತೆಗೆಯುವವರು, ತಾವು ದಿನಾ ಮಲಗುವ ಮಂಚ ಎಷ್ಟು ಉದ್ದ ಎಷ್ಟು ಅಗಲ ಎಂದು ಕೇಳಿದರೆ ಮಾತ್ರ ತಲೆಯೆತ್ತಿ ಫ್ಯಾನು ನೋಡುತ್ತಾರೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಗಾದಿ ಅಂಗಡಿ ಇಟ್ಟಾಗಿನಿಂದ ಇದನ್ನು ನೋಡುತ್ತಲೇ ಬಂದಿದ್ದೇನೆ. ಯಾಕೆ ಹೀಗೆ ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಬಹುಶಃ ಎಚ್ಚರ ಇದ್ದಾಗ ನಾವು ಮಂಚದ ಕಡೆ ನೋಡುವುದೇ ಕಡಿಮೆ. ನಾನು ಹೆಚ್ಚು ಮಾತಾಡುವವನಲ್ಲ. ಗಿರಾಕಿ ಇಲ್ಲದಾಗ ಗಲ್ಲಾದ ಹಿಂದೆ ಪುಸ್ತಕ ಹಿಡಿದು ಕೂರುತ್ತೇನೆ. ಆದರೆ ಗಿರಾಕಿ ಬಂದು "ಗಾದಿ ಬೇಕಿತ್ತು" ಎಂದ ಕೂಡಲೇ ಪುಸ್ತಕ ಮಗುಚಿಡುತ್ತೇನೆ. ಇಷ್ಟು ವರ್ಷದಲ್ಲಿ ಅದರಿಂದ ನಷ್ಟವಾಗಿಲ್ಲ.

ಗಂಡನೇ ಟೇಪು

ಲೋಕಿಕೆರೆಯಿಂದ ಗಂಡ ಹೆಂಡತಿ ಬಂದರು. ಮಂಚ ಹಳೆಯದೇ, ಗಾದಿ ಮಾತ್ರ ಹೊಸದು ಬೇಕು.

"ಉದ್ದ ಎಷ್ಟು?" ಎಂದೆ.

ಹೆಂಡತಿ ಗಂಡನ ಕಡೆ ಕೈ ತೋರಿಸಿದರು. "ಅದಕ್ಕೇ ಕರ್ಕಂಡು ಬಂದೀನ್ರಿ. ಇವ್ರು ಮಲಗಿದ್ರೆ ಕಾಲ ಹತ್ರ ಒಂದು ಗೇಣು ಉಳೀತೈತೆ. ಇವ್ರನ್ನ ಅಳ್ಕಳ್ರಿ, ಒಂದು ಗೇಣು ಸೇರಿಸ್ರಿ."

ಗಂಡ ಶಾಲೆಯಲ್ಲಿ ಎತ್ತರ ಅಳೆಸಿಕೊಳ್ಳುವ ಹುಡುಗನಂತೆ ಗೋಡೆಗೆ ಒರಗಿ ನಿಂತರು. ನಾನು ಟೇಪು ಹಿಡಿದೆ.

"ಟೋಪಿ ತೆಗೀಲೇನ್ರಿ?"

"ಮಲಗಾಗ ಹಾಕ್ಕಂತೀರೇನು? ತೆಗೀರಿ," ಎಂದರು ಹೆಂಡತಿ.

ಆಮೇಲೆ ಗೇಣು ಯಾರದು ಎಂಬ ಪ್ರಶ್ನೆ ಬಂತು. ಗಂಡನ ಕೈ ದೊಡ್ಡದು, ಹೆಂಡತಿಯದು ಸಣ್ಣದು. ಮನೆಯಲ್ಲಿ ಅಳೆದದ್ದು ಹೆಂಡತಿ ಎಂದಾದ ಮೇಲೆ ಅವರ ಗೇಣನ್ನೇ ಸೇರಿಸಿದೆ. ಕೂಡಿಸಿದರೆ ಸರಿಯಾಗಿ ಆರೂಕಾಲು ಅಡಿ! ಕಂಪನಿಯ ಅಳತೆಯೂ ಅದೇ. ನನಗೇ ಆಶ್ಚರ್ಯವಾಯಿತು.

"ಅಗಲ?" ಎಂದೆ.

ಈಗ ಗಂಡ ಉತ್ಸಾಹದಿಂದ ಬಾಯಿ ಬಿಟ್ಟರು. "ಅಗಲದ ಲೆಕ್ಕ ಇನ್ನೂ ಸಸಾರ ಐತ್ರಿ. ನಾನು ಇಷ್ಟೇ ಜಾಗದಾಗ ಮಲಗ್ತೀನಿ. ಉಳಿದಿದ್ದೆಲ್ಲ ಇವಳು. ಈಗ ಇವಳನ್ನ ಅಳದ್ರೆ..."

ಹೆಂಡತಿ ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. "ಅಗಲ ಫೋನ್ ಮಾಡಿ ಹೇಳ್ತೀವ್ರಿ."

ಮಲಗಿ ನೋಡಿ

ಕಂಪನಿಯವರು ಒಂದು ಬೋರ್ಡು ಕೊಟ್ಟಿದ್ದಾರೆ: ಕೊಳ್ಳುವ ಮೊದಲು ಮಲಗಿ ನೋಡಿ. ನಮ್ಮೂರಲ್ಲಿ ಯಾರೂ ಮಲಗುವುದಿಲ್ಲ. ಮಾವಿನಹಣ್ಣು ನೋಡಿದಂತೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಬಹಳವಾದರೆ ಅಂಚಿನಲ್ಲಿ ಕೂತು ಎರಡು ಸಲ ಕುಪ್ಪಳಿಸುತ್ತಾರೆ. "ಬಜಾರದಾಗ ಮಲಗೋದೇನ್ರಿ, ನೋಡಿದೋರು ಏನಂದಾರು?" ಎಂಬುದು ಎಲ್ಲರ ಮಾತು.

ಬೋರ್ಡನ್ನು ನಂಬಿದವರು ಒಬ್ಬರೇ, ನಿವೃತ್ತ ಹೆಡ್‌ಮಾಸ್ಟರು. ಅವರಿಗೆ ಸೊಂಟನೋವು. ಚಪ್ಪಲಿ ಬಿಟ್ಟು, ಕನ್ನಡಕ ತೆಗೆದು ಎದೆಯ ಮೇಲಿಟ್ಟುಕೊಂಡು, ರಸ್ತೆಗೆ ಕಾಣುವ ಗಾಜಿನ ಪಕ್ಕದ ಗಾದಿಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ಅವರ ಹಳೆಯ ಶಿಷ್ಯನೊಬ್ಬ ಬೈಕು ನಿಲ್ಲಿಸಿ ಒಳಗೆ ನುಗ್ಗಿದ. "ಮೇಷ್ಟ್ರಿಗೆ ಏನಾತ್ರಿ?"

"ಏನಿಲ್ಲ, ಗಾದಿ ನೋಡ್ತಿದಾರೆ," ಎಂದೆ.

"ಕಣ್ಣು ಮುಚ್ಚಿ ನೋಡ್ತಾರೇನ್ರಿ?" ಎಂದು ನನ್ನನ್ನೇ ಗದರಿಸಿ ನಾಡಿ ಹಿಡಿದ. ಅವನನ್ನು ನೋಡಿ ಇನ್ನಿಬ್ಬರು ಬಂದರು. ಒಬ್ಬರು ಎಳನೀರು ತಂದರು. ಇನ್ನೊಬ್ಬರು ಅಂಗಾಲು ತಿಕ್ಕತೊಡಗಿದರು. ಮೇಷ್ಟ್ರು ಕಣ್ಣು ಬಿಟ್ಟು, "ಸುಮ್ನಿರ್ರೋ, ಸೊಂಟಕ್ಕೆ ಹೆಂಗೈತೆ ಅಂತ ನೋಡ್ತಿದೀನಿ," ಎಂದರೆ ಶಿಷ್ಯ, "ಏನೇನೋ ಬಡಬಡಿಸ್ತಿದಾರೆ, ಮನೆಗೆ ಫೋನ್ ಹಚ್ರಿ," ಎಂದ.

ಮೇಷ್ಟ್ರ ಹೆಂಡತಿ ಆಟೋದಲ್ಲಿ ಬಂದಿಳಿದರು. ಗುಂಪು ದಾರಿ ಬಿಟ್ಟಿತು. ಅವರು ಗಾದಿಯ ಮೇಲಿದ್ದ ಗಂಡನನ್ನು ನೋಡಿದರು, ಸುತ್ತ ನಿಂತಿದ್ದವರನ್ನು ನೋಡಿದರು.

"ಇದಕ್ಕೆ ಇಷ್ಟು ಮಂದಿ ಯಾಕ ಸೇರೀರಪ್ಪಾ? ರಿಟೈರ್ ಆದಾಗಿಂದ ಮನ್ಯಾಗ ಇವ್ರು ಇರೋದೇ ಹಿಂಗೆ."

ಹೊಸದು ಹೊಸದಾಗಿಯೇ

ಹರಿಹರದಿಂದ ಒಬ್ಬರು ಫೋನು ಮಾಡಿದರು. "ನಿಮ್ಮ ಗಾದಿ ಸಪ್ಪಳ ಮಾಡ್ತೈತ್ರಿ. ಮಗ್ಗುಲಾದ್ರೆ ಸಾಕು, ಒಣಗಿದ ಜೋಳದ ದಂಟಿನ ಮ್ಯಾಲೆ ಮಲಗಿದಂಗ ಆಗ್ತೈತೆ."

ಗಾದಿ ಸಪ್ಪಳ ಮಾಡುವುದನ್ನು ನಾನು ಕೇಳಿರಲಿಲ್ಲ. ಕುತೂಹಲಕ್ಕೆ ನಾನೇ ಹೋದೆ. ಕೈಯಿಟ್ಟೆ. ನಿಜ, ಚರಚರ ಅಂದಿತು. ಬೆಡ್‌ಶೀಟು ಎತ್ತಿ ನೋಡಿದರೆ, ಕಂಪನಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇದೆ. ಒಂದು ಕಡೆ ಹರಿದಿದ್ದಲ್ಲಿ ಟೇಪು ಅಂಟಿಸಿದ್ದರು.

"ಇದನ್ನ ತೆಗೀಬೇಕ್ರಿ," ಎಂದೆ.

ಮನೆಯ ಅಜ್ಜಿ ಬಾಗಿಲಲ್ಲೇ ಕೂತಿದ್ದರು. "ತೆಗದ್ರೆ ಹಳೇದಾಗ್ತೈತಲ್ಲಪ್ಪಾ."

ಕೋಣೆಯ ಸುತ್ತ ಕಣ್ಣಾಡಿಸಿದೆ. ಟಿ.ವಿ. ರಿಮೋಟು ಪ್ಲಾಸ್ಟಿಕ್ಕಿನಲ್ಲಿತ್ತು. ಫ್ರಿಜ್ಜಿನ ಹಿಡಿಗೆ ಹೂವಿನ ಕುಲಾವಿ ಹಾಕಿದ್ದರು. ಸೋಫಾದ ಮೇಲೆ ಬಟ್ಟೆ, ಆ ಬಟ್ಟೆ ಕೊಳೆಯಾಗದಿರಲಿ ಎಂದು ಅದರ ಮೇಲೆ ಇನ್ನೊಂದು ಬಟ್ಟೆ. ಆ ಮನೆಯಲ್ಲಿ ಯಾರೂ ಯಾವ ವಸ್ತುವನ್ನೂ ಇನ್ನೂ ಮುಟ್ಟಿಯೇ ಇಲ್ಲ ಅನ್ನಿಸಿತು.

"ಹಳೇದಾದ್ರೂ ಚಿಂತಿಲ್ಲ ಅಜ್ಜಿ. ಹತ್ತು ವರ್ಷ ವಾರಂಟಿ ಐತೆ," ಎಂದು ಧೈರ್ಯ ಹೇಳಿದೆ.

ಅಜ್ಜಿಯ ಮುಖ ಅರಳಿತು. "ಹೌದೇನು? ಹಂಗಾದ್ರೆ ಅವಸರ ಏನೈತೆ? ವಾರಂಟಿ ಮುಗೀಲಿ, ಆಮ್ಯಾಲೆ ತೆಗದ್ರಾತು."

ಮಡಚುವ ವಿದ್ಯೆ

ಗಾದಿಯ ಜೊತೆ ಬೆಡ್‌ಶೀಟೂ ಹೊಂದಬೇಕು ಎಂದು ಕೇಳುವವರಿಗೆ ಈಗ ನಾಲ್ಕೂ ಮೂಲೆಗೆ ಇಲಾಸ್ಟಿಕ್ ಇರುವುದು ಬಂದಿದೆ. ಗಾದಿಯ ಮೇಲೆ ಹಾಕಿದರೆ ತಲೆಗೆ ಟೋಪಿ ಕೂತಂತೆ ಕೂರುತ್ತದೆ. ನಮ್ಮದೇ ಬಡಾವಣೆಯ ಟೀಚರೊಬ್ಬರು ಒಯ್ದಿದ್ದರು. ಒಗೆದು ಒಣಗಿಸಿ, ಮುದ್ದೆ ಮಾಡಿ ಚೀಲದಲ್ಲಿಟ್ಟುಕೊಂಡು ವಾಪಸು ಬಂದರು.

"ಇದನ್ನ ಮಡಚೋದು ಹೆಂಗೆ ತೋರಿಸ್ರಿ."

ತೋರಿಸಲು ಹೋದೆ. ಎರಡು ಮೂಲೆ ಹಿಡಿದರೆ ಎರಡು ಮೂಲೆ ಜಾರಿದವು. ನನ್ನ ಹೆಂಡತಿಯನ್ನು ಕರೆದೆ. ಅವಳು ಒಂದು ತುದಿ, ನಾನು ಒಂದು ತುದಿ ಹಿಡಿದು ಹಿಂದೆ ಮುಂದೆ ಓಡಾಡಿದೆವು. ಕೊನೆಗೆ ಕೈಯಲ್ಲಿ ಉಳಿದದ್ದು ಅವರು ತಂದದ್ದಕ್ಕಿಂತ ದೊಡ್ಡ ಮುದ್ದೆ.

"ಹೊಸದಿದ್ದಾಗ ಡಬ್ಬಿಯಾಗ ಪುಸ್ತಕದಂಗ ಮಡಚಿಟ್ಟಿದ್ರಲ್ಲ? ಯಾರು ಮಡಚಿದ್ದು?" ಎಂದರು ಟೀಚರು.

"ಅದು ಫ್ಯಾಕ್ಟರಿಯಲ್ಲಿ ಮಾಡ್ತಾರ್ರಿ," ಎಂದೆ.

ಅವರು ಮುದ್ದೆಯನ್ನು ನನ್ನ ಮೇಜಿನ ಮೇಲಿಟ್ಟರು. "ಹಂಗಾದ್ರೆ ಕಳಿಸಿಕೊಡ್ರಿ. ಒಗದಾಗೆಲ್ಲ ತಂದು ಕೊಡ್ತೀನಿ."

ಬೀಗರ ಗಾದಿ

ನಮ್ಮ ಕಡೆ ಬೀಗರ ನಡುವೆ ಎಲ್ಲವನ್ನೂ ಕೇಳಬಹುದು, ಅಳತೆ ಮಾತ್ರ ಕೇಳುವಂತಿಲ್ಲ. ಅದು ನನಗೆ ತಿಳಿದದ್ದು ನಂದಿಗುಡಿಯ ಭತ್ತದ ರೈತರೊಬ್ಬರು ಬಂದ ದಿನ. ಅವರ ಎರಡನೆಯ ಮಗಳಿಗೆ ಹರಿಹರದ ಹುಡುಗ ಗೊತ್ತಾಗಿದ್ದ. ಇವರು ಮನೆ ನೋಡಲು ಹೋದಾಗ ಕೋಣೆಯಲ್ಲಿ ಒಳ್ಳೆಯ ತೇಗದ ಮಂಚವಿತ್ತು. ಹುಡುಗನ ತಂದೆ, "ಮಂಚ ನಮ್ಮದೈತೆ, ಗಾದಿ ನೀವು ಹಾಕಿಸ್ರಿ," ಎಂದಿದ್ದರು. ಇವರು "ಆಗ್ಲಿ" ಎಂದು ಎಲೆ ಅಡಿಕೆ ಹಾಕಿಕೊಂಡು ಬಂದಿದ್ದರು.

"ಮಂಚದ ಅಳತೆ?" ಎಂದೆ.

"ಅದನ್ನೇ ಕೇಳಂಗಿಲ್ರಿ."

"ಫೋನ್ ಮಾಡಿದ್ರಾತು."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಕೇಳಿದ್ರೆ ಇಂಚಿನ ಲೆಕ್ಕ ಹಾಕಿ ಕೊಡ್ತಾರೆ ಅಂತಾರೆ. ದೊಡ್ಡ ಮಗಳಿಗೆ ಅಂದಾಜಿನ ಮ್ಯಾಲೆ ಕೊಟ್ಟೆ. ಮಂಚಕ್ಕಿಂತ ನಾಲ್ಕು ಬೆರಳು ಸಣ್ಣದಾತು. ಹಬ್ಬಕ್ಕೆ ಯಾರೇ ಬರ್ಲಿ, ಅವಳ ಅತ್ತೆ ಕೋಣೆಗೆ ಕರ್ಕಂಡು ಹೋಗಿ ಆ ಸಂದಿ ತೋರಿಸ್ತಾಳೆ. 'ನೋಡ್ರಿ, ನಮ್ಮ ಬೀಗರ ಕೈ ಇಲ್ಲಿಗೇ ನಿಂತೈತೆ' ಅಂತಾಳೆ. ಮಗಳು ಎದುರಿಗೇ ನಿಂತಿರ್ತಾಳ್ರಿ. ಸಣ್ಣೋಳಿಗೂ ಆ ಮಾತು ಬರಬಾರ್ದು. ಅಷ್ಟೇ."

ನಾಲ್ಕು ಬೆರಳು ಜಾಗದಲ್ಲಿ ಒಬ್ಬ ಮನುಷ್ಯನ ಮರ್ಯಾದೆ ಇಷ್ಟು ಚೆನ್ನಾಗಿ ಹಿಡಿಯುತ್ತದೆ ಎಂದು ಗೊತ್ತಿರಲಿಲ್ಲ.

ಮುಂದಿನ ವಾರ ಅವರು ಅಳತೆಯೊಂದಿಗೇ ಬಂದರು. ಆರೂಕಾಲು ಅಡಿ ಉದ್ದ, ಐದು ಅಡಿ ಅಗಲ.

"ಹೆಂಗೆ ಸಿಕ್ತು?"

"ದೊಡ್ಡ ಮಗಳನ್ನ ಸೀರೆ ಬಣ್ಣ ಕೇಳೋ ನೆಪ ಮಾಡಿ ಹರಿಹರಕ್ಕೆ ಕಳಿಸಿದ್ದೆ. ಅಳದು ಬಂದ್ಲು. ಯಾರಿಗೂ ಹೇಳಬ್ಯಾಡ್ರಿ."

ಹೇಗೆ ಅಳೆದಳು ಎಂಬುದನ್ನು ಅವರು ಹೇಳಲಿಲ್ಲ. ಅದನ್ನು ಹೇಳಿದ್ದು ಹುಡುಗನ ತಂದೆ. ಎರಡು ದಿನ ಬಿಟ್ಟು ಅವರೂ ನನ್ನ ಅಂಗಡಿಗೆ ಬಂದರು. ದಿಂಬಿನ ಕವರುಗಳನ್ನು ಸುಮ್ಮನೆ ತಿರುವಿ ಹಾಕಿದರು. ಆಮೇಲೆ ದನಿ ತಗ್ಗಿಸಿದರು.

"ಬೀಗರು ನಿಮ್ಮ ಹತ್ರನೇ ಗಾದಿ ಹೇಳ್ಯಾರಂತೆ. ನಿಮಗೆ ಅವರ ಪರಿಚಯ ಇರ್ಬೇಕು. ಅವರ ಮನೆತನದಾಗ ಕಾಯಿಲೆ ಏನಾರ ಐತೇನ್ರಿ?"

"ಯಾಕ್ರಿ?"

"ಹುಡುಗಿ ಅಕ್ಕ ನಮ್ಮನೆಗೆ ಬಂದಿದ್ಲು. ಚಲೋ ಮಾತಾಡ್ತಿದ್ದೋಳು 'ತಲೆ ತಿರುಗ್ತೈತೆ' ಅಂತ ಮಂಚದ ಮ್ಯಾಲೆ ಬಿದ್ಲು. ಬಿದ್ದೋಳು ಸುಮ್ನಿರಲಿಲ್ಲ. ತಲೆನ ಸರ್ಕಂಡು ಸರ್ಕಂಡು ತಲೆಕಡೆ ಹಲಗೆಗೆ ತಾಗಿಸಿದ್ಲು. ಕಾಲು ಚಾಚಿ ಆ ಕಡೆ ಪಟ್ಟಿ ಹುಡುಕಿದ್ಲು. ನಮ್ಮನೆಯೋಳು ನಿಂಬೆಹಣ್ಣಿನ ಶರಬತ್ತು ತಂದ್ರೆ, ಅಡ್ಡಡ್ಡ ತಿರುಗಿ ಎರಡೂ ಕೈ ಚಾಚಿ ಮಂಚದ ಎರಡೂ ಅಂಚು ಹಿಡಕಂಡು 'ಅವ್ವಾ' ಅಂದ್ಲು. ಆಮ್ಯಾಲೆ ಎದ್ದು ಕೂತು ನಗ್ತಾ ಶರಬತ್ತು ಕುಡಿದ್ಲು! ನಮ್ಮನೆಯೋಳಿಗೆ ನಿದ್ದಿಲ್ಲ. ತಂಗಿಗೂ ಇದ್ರೆ ಹೆಂಗೆ? ಬ್ಯಾಡ ಅನ್ನೋದಾದ್ರೆ ಈಗ್ಲೇ ಬ್ಯಾಡ ಅನ್ನಣ ಅಂತಾಳೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆದರೆ ಮದುವೆಯೇ ಮುರಿಯುವ ಹಾಗಿತ್ತು. ಗಾದಿಯ ಹೊಲಿಗೆ ನೋಡುತ್ತಾ ಹೇಳಿದೆ: "ಕಾಯಿಲೆ ಅಲ್ರಿ. ಅಳತೆ ತಗಂಡಾಳೆ."

ನಗುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು. "ಆ ಮಂಚದ್ದಾ? ಅಯ್ಯೋ, ಅದು ನಮ್ಮದಲ್ರೀ!"

"ಮತ್ತೆ?"

"ನನ್ನ ತಂಗೀದು. ಬೀಗರು ಮನೆ ನೋಡಾಕ ಬರ್ತಾರಂತ ಇಸ್ಕಂಡಿದ್ವಿ. ಮೊನ್ನೆ ವಾಪಸ್ ಒಯ್ದಳು. ಈಗ ಹೊಸಾದು ಮಾಡಿಸ್ಬೇಕು."

"ಹಂಗಂತ ಅವರಿಗೆ ಒಂದು ಮಾತು ಹೇಳಿಬಿಡ್ರಿ."

"ಎಲ್ಲಾದ್ರೂ ಉಂಟೇ? ಮಂಚ ನಮ್ಮದೈತೆ ಅಂತ ನಾಲ್ಕು ಮಂದಿ ಎದುರಿಗೆ ಅಂದೀನಿ. ಎರವಲು ತಂದು ತೋರಿಸಿದ್ರು ಅಂತ ಆಗಬಾರ್ದು. ನೀವು ಗಾದಿ ಅಳತೆ ಹೇಳ್ರಿ, ಅದಕ್ಕೆ ಸರಿಯಾಗಿ ಮಂಚ ಮಾಡಿಸ್ತೀನಿ. ಬೀಗರಿಗೆ ಹೇಳಬ್ಯಾಡ್ರಿ."

ಆರೂಕಾಲು, ಐದು ಎಂದೆ. ಇಬ್ಬರ ಗುಟ್ಟೂ ನನ್ನಲ್ಲಿ, ಇಬ್ಬರಿಗೂ ಒಂದೇ ಅಳತೆ. ವಿಷಯ ಅಲ್ಲಿಗೆ ಮುಗಿಯಿತು ಎಂದು ಪುಸ್ತಕ ತೆರೆದೆ.

ಮುಗಿದಿರಲಿಲ್ಲ. ನಂದಿಗುಡಿಯವರಿಂದ ಫೋನು ಬಂತು. "ಮಗಳು ಮೈಯಿಂದ ಅಳದಿದ್ದು, ಬೆರಳು ಹೆಚ್ಚು ಕಮ್ಮಿ ಇರ್ಬಹುದು. ಸಣ್ಣದಾಗೋದು ಬ್ಯಾಡ. ನಾಲ್ಕಿಂಚು ಜಾಸ್ತಿನೇ ಇರ್ಲಿ, ಉದ್ದಕ್ಕೂ ಅಗಲಕ್ಕೂ."

ಮಂಚ ಹಳೆಯ ಅಳತೆಗೇ ತಯಾರಾಗುತ್ತಿತ್ತು. ಹರಿಹರಕ್ಕೆ ಫೋನು ಮಾಡಿ ಗಾದಿ ಸ್ವಲ್ಪ ಬೆಳೆದಿದೆ ಎಂದು ತಿಳಿಸಿದೆ. ಅವರು, "ಅವರು ಅಷ್ಟು ಧಾರಾಳಾಗಿ ತರಾಗ ಗಾದಿ ಮಂಚದಿಂದ ಹೊರಗೆ ಜೋತುಬಿದ್ರೆ ನಮ್ಮ ಮಾನ ಹೋಗ್ತೈತೆ. ಬಡಗಿಗೆ ಆರಿಂಚು ಹೆಚ್ಚು ಹೇಳ್ತೀನಿ," ಎಂದರು.

ಈಗ ಮಂಚ ಎರಡಿಂಚು ಮುಂದಾಯಿತು. ಹಾಗೇ ಬಿಟ್ಟರೆ ಮತ್ತೆ ಅದೇ ಸಂದಿ, ಅತ್ತೆಯಿಂದ ಅದೇ ಮಾತು. ನಂದಿಗುಡಿಗೆ ಫೋನು ಮಾಡಿ, ಕಾರಣ ಹೇಳದೆ, "ಇನ್ನೆರಡಿಂಚು ಇದ್ರೆ ಒಳ್ಳೇದಿತ್ತು," ಎಂದೆ. ಅಂಗಡಿಯವನೇ ಹೀಗೆ ಹೇಳುತ್ತಾನೆಂದರೆ ಏನೋ ಇರಬೇಕು ಎಂದು ಅವರು ಮತ್ತೆ ನಾಲ್ಕಿಂಚು ಹೇಳಿದರು. ಅದನ್ನು ಹರಿಹರಕ್ಕೆ ತಿಳಿಸಿದೆ. ಅವರು ಮತ್ತೆ ಬಡಗಿಯ ಹತ್ತಿರ ಹೋದರು.

ಹೀಗೆ ಗಾದಿಯೂ ಮಂಚವೂ ನನ್ನ ಫೋನಿನ ಮೂಲಕ ಒಂದನ್ನೊಂದು ನೋಡಿಕೊಂಡು ಬೆಳೆದವು. ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡುವ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ? ಫ್ಯಾಕ್ಟರಿಯವನು, "ಏಳೂವರೆ ಅಡಿಗಿಂತ ಮುಂದೆ ಹೋದ್ರೆ ಅದು ಗಾದಿ ಅಲ್ಲ ಸಾರ್, ಸ್ಟೇಜು," ಎಂದ ಮೇಲೆ ನಿಂತಿತು. ಉದ್ದ ಏಳೂವರೆ, ಅಗಲ ಆರೂಕಾಲು. ಇಬ್ಬರಿಗೂ ಅದನ್ನೇ ಖಡಾಖಂಡಿತವಾಗಿ ಹೇಳಿ ಫೋನಿಟ್ಟೆ.

ಅಷ್ಟು ದೊಡ್ಡ ಗಾದಿಗೆ ಹೊಂದುವ ಬೆಡ್‌ಶೀಟು ಎಲ್ಲೂ ಸಿಗಲಿಲ್ಲ. ಎರಡನ್ನು ಜೋಡಿಸಿ ಟೇಲರ್ ಹತ್ತಿರ ಹೊಲಿಸಿದೆ. ನಟ್ಟನಡುವೆ ಹೊಲಿಗೆ ಬಂದು, ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹೊಲದ ಬದುವಿನಂತೆ ಕಾಣುತ್ತಿತ್ತು. ಅದನ್ನು ಕೊಡುವ ನೆಪದಲ್ಲಿ ನಾನೇ ಹರಿಹರಕ್ಕೆ ಹೋದೆ. ಮದುವೆಯಾಗಿ ಹೆಣ್ಣನ್ನು ಮನೆ ತುಂಬಿಸಿಕೊಂಡ ಮಾರನೆಯ ದಿನ ಅದು. ನಂದಿಗುಡಿಯವರೂ ಬಂದಿದ್ದರು.

ಇಬ್ಬರೂ ಬೀಗರು ನನ್ನನ್ನು ಕೋಣೆಯ ಹತ್ತಿರ ಕರೆದೊಯ್ದರು. ಗಾದಿ ಮಂಚದ ಮೇಲೆ ಅಳತೆ ತೆಗೆದು ಎರಕ ಹೊಯ್ದಂತೆ ಕೂತಿತ್ತು. ಯಾವ ಕಡೆಯೂ ಒಂದು ಬೆರಳಿನ ಸಂದಿ ಇರಲಿಲ್ಲ. ನಂದಿಗುಡಿಯವರು ಹೊಸ್ತಿಲಲ್ಲೇ ಬಾಗಿ ಅಂಚಿನ ಮೇಲೆ ಕೈಯಾಡಿಸಿ ನೋಡಿದರು. ಅವರ ಕಣ್ಣು ತೇವವಾಗಿತ್ತು.

"ಗಾದಿ ಸಣ್ಣದಾತು ಅಂತ ಯಾರೂ ಅನ್ನಂಗಿಲ್ಲ," ಎಂದರು.

"ಮಂಚ ಸಣ್ಣದಾತು ಅಂತಾನೂ ಯಾರೂ ಅನ್ನಂಗಿಲ್ಲ," ಎಂದರು ಹರಿಹರದವರು.

ಹುಡುಗನ ತಾಯಿಯೂ ಹಿಂದಿನಿಂದ, "ಬೀಗರು ಕೈ ಬಿಚ್ಚಿ ಕೊಟ್ಟಾರೆ," ಎಂದರು. ನಂದಿಗುಡಿಯವರು ಇಷ್ಟು ದಿನ ಕಾದಿದ್ದ ಮಾತು ಅದು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಆಗ ನನಗೆ ಏನೋ ಒಂದು ಕಡಿಮೆ ಇದೆ ಅನ್ನಿಸಿ ಮತ್ತೊಮ್ಮೆ ನೋಡಿದೆ. ಮಂಚ ಕೋಣೆಯ ಮೂರು ಗೋಡೆಗೂ ತಾಗಿತ್ತು. ನಾಲ್ಕನೆಯ ಕಡೆ ಹೊಸ್ತಿಲಿನವರೆಗೂ ಬಂದಿತ್ತು. ಒಳಗೆ ನಡೆಯಲು ಜಾಗವಿರಲಿಲ್ಲ. ಹೊಸ್ತಿಲಿನಿಂದ ನೇರ ಗಾದಿಯ ಮೇಲೇ ಹತ್ತಬೇಕು. ಬಡಗಿ ಮಂಚವನ್ನು ಕೋಣೆಯೊಳಗೇ ಜೋಡಿಸಿದ್ದ. ಒಳಗಡೆ ತೆರೆಯುವ ಬಾಗಿಲು ಅದಕ್ಕೆ ಅಡ್ಡವಾದ್ದರಿಂದ ಕೀಲು ಬಿಚ್ಚಿ, ಬಾಗಿಲನ್ನು ಪಡಸಾಲೆಯ ಗೋಡೆಗೆ ಒರಗಿಸಿ ಹೋಗಿದ್ದ. ಕೋಣೆಯ ಎದುರಿನ ಆ ಪಡಸಾಲೆಯಲ್ಲಿ ಮದುವೆಗೆ ಬಂದ ನೆಂಟರೆಲ್ಲ ಇನ್ನೂ ಚಾಪೆ ಹಾಸಿಕೊಂಡು ಕೂತಿದ್ದರು.

ಬೀಗರಿಬ್ಬರೂ ಇನ್ನೂ ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು. ಮದುಮಗಳು ಕಾಫಿ ತಂದಳು. ತಂದೆಗೆ ಲೋಟ ಕೊಟ್ಟು, ಬಾಗಿಲಿಲ್ಲದ ಚೌಕಟ್ಟನ್ನೂ ನೆಂಟರನ್ನೂ ಒಮ್ಮೆ ನೋಡಿ, ಬಹಳ ವಿನಯದಿಂದ ಕೇಳಿದಳು:

"ಅಪ್ಪಾ, ಗಾದಿ ನಮ್ಮ ಕಡೇದು, ಮಂಚ ಇವರ ಕಡೇದು. ಬಾಗಿಲು ಯಾವ ಕಡೆಯೋರು ಹಾಕಿಸೋದು ಅಂತ ಮಾತಾಗಿತ್ತು?"